ರಬ್ಬರ್ ಮುದ್ರೆಯಿಂದ ಅಣುವಿನ ಅಚ್ಚು: ಸಣ್ಣ ಉದ್ದಿಮೆದಾರರು ಅರಿಯಬೇಕಾದ ಲೆಕ್ಕಾಚಾರ

ವಾಣಿಜ್ಯ ವ್ಯವಹಾರದಲ್ಲಿ ರಬ್ಬರ್ ಮೊಹರಿಗೆ ಇರುವ ಸ್ಥಾನವನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಬಿಲ್ಲು, ಡೆಲಿವರಿ ಚಲನ್, ಬ್ಯಾಂಕಿನ ಕಾಗದಪತ್ರ, ಎಲ್ಲಕ್ಕೂ ಸಂಸ್ಥೆಯ ಮುದ್ರೆ ಬೀಳಲೇಬೇಕು. ಶಾಯಿಯ ಪ್ಯಾಡಿಗೆ ಒಮ್ಮೆ, ಕಾಗದಕ್ಕೆ ಒಮ್ಮೆ ಒತ್ತಿದರೆ ಕೆಲಸ ಮುಗಿಯಿತು. ಇದೇ ಸರಳ ಕ್ರಿಯೆಯಿಂದ ತಲೆಗೂದಲಿನ ದಪ್ಪದ ನೂರರಲ್ಲೊಂದು ಭಾಗದಷ್ಟು ಅಗಲದ ಗೆರೆಗಳನ್ನು ಲೋಹದ ಮೇಲ್ಮೈಯಲ್ಲಿ ಮೂಡಿಸಬಹುದೆಂದು 1993ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಅಮಿತ್ ಕುಮಾರ್ ಮತ್ತು ಜಾರ್ಜ್ ವೈಟ್‌ಸೈಡ್ಸ್ ತೋರಿಸಿಕೊಟ್ಟರು. ‘ಮೈಕ್ರೋಕಾಂಟ್ಯಾಕ್ಟ್ ಪ್ರಿಂಟಿಂಗ್’ ಎಂದು ಹೆಸರಾದ ಈ ವಿಧಾನವನ್ನು ಕನ್ನಡದಲ್ಲಿ ‘ಸೂಕ್ಷ್ಮಸ್ಪರ್ಶ ಮುದ್ರಣ’ ಎನ್ನಬಹುದು.

ವ್ಯಾಪಾರಿಗಳ ಮಾಸಪತ್ರಿಕೆಯಲ್ಲಿ ಈ ವಿಷಯವೇಕೆ ಎಂಬ ಪ್ರಶ್ನೆ ಸಹಜ. ‘ನ್ಯಾನೊ’ ಎಂಬ ಎರಡಕ್ಷರದ ಪದಕ್ಕೆ ಮಾರುಕಟ್ಟೆಯಲ್ಲಿ ಇಂದು ವಿಶೇಷ ಆಕರ್ಷಣೆಯಿದೆ. ಆ ಹೆಸರನ್ನು ಹೊತ್ತ ಯೋಜನಾ ವರದಿಗಳು ಲೆಕ್ಕಪರಿಶೋಧಕರ ಮೇಜಿಗೆ ಬರುತ್ತಿವೆ. ಅವುಗಳಲ್ಲಿ ಕೆಲವು ಗಟ್ಟಿಯಾದವು, ಕೆಲವು ಟೊಳ್ಳು. ಮನೆಯ ಪತ್ರವನ್ನು ಬ್ಯಾಂಕಿಗೆ ಒತ್ತೆಯಿಟ್ಟು ಸಾಲ ಪಡೆಯುವ ಸಣ್ಣ ಉದ್ದಿಮೆದಾರನು ಇವೆರಡರ ಅಂತರವನ್ನು ಸಾಲದ ಅರ್ಜಿಗೆ ಸಹಿ ಹಾಕುವ ಮುನ್ನವೇ ಅರಿತಿರಬೇಕು. ಸೂಕ್ಷ್ಮಸ್ಪರ್ಶ ಮುದ್ರಣವು ಈ ವಿವೇಚನೆಗೆ ಒಳ್ಳೆಯ ನಿದರ್ಶನ. ಇದರ ತತ್ತ್ವ ಸುಲಭ, ಪ್ರಾರಂಭಿಕ ವೆಚ್ಚ ಕಡಿಮೆ, ವಿಜ್ಞಾನ ನಿಸ್ಸಂದೇಹವಾದುದು. ಆದರೂ ಮೂವತ್ತು ವರ್ಷಗಳ ತರುವಾಯ ಇದು ಬಹುಮಟ್ಟಿಗೆ ಪ್ರಯೋಗಾಲಯಗಳಲ್ಲಿಯೂ ಕೆಲವೇ ವಿಶಿಷ್ಟ ಉತ್ಪನ್ನಗಳಲ್ಲಿಯೂ ಉಳಿದಿದೆ. ಇದರ ಕಾರಣಗಳನ್ನು ತಿಳಿದರೆ ಹೊಸ ತಂತ್ರಜ್ಞಾನವನ್ನು ತೂಗುವ ತಕ್ಕಡಿಯೊಂದು ನಮ್ಮ ಕೈಗೆ ಬಂದಂತೆ.

ಒಂದೇ ಅಣುವಿನ ದಪ್ಪದ ಲೇಪನ

ಸಾಮಾನ್ಯ ಶಾಯಿ ಕಾಗದದ ಮೇಲೆ ಕೂರುತ್ತದೆ, ಇಲ್ಲವೆ ನಾರುಗಳೊಳಗೆ ಇಂಗುತ್ತದೆ. ಇಲ್ಲಿ ಬಳಸುವ ಶಾಯಿಯ ಬಗೆಯೇ ಬೇರೆ. ಅದು ಮೇಲ್ಮೈಯೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ನಮಗೆಲ್ಲ ಪರಿಚಿತವಾದ ಹೋಲಿಕೆಯೊಂದಿದೆ. ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಸಂಸ್ಥೆಯು 1962ರ ಮಹಾಚುನಾವಣೆಯಿಂದ ಪೂರೈಸುತ್ತ ಬಂದಿರುವ ಅಳಿಸಲಾಗದ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಅದು ಬೆರಳಿನ ಚರ್ಮದೊಡನೆ ಪ್ರತಿಕ್ರಿಯಿಸಿ ಕಪ್ಪಾಗುವುದರಿಂದಲೇ ಸೋಪಿಗೆ ಜಗ್ಗುವುದಿಲ್ಲ. ಸೂಕ್ಷ್ಮಸ್ಪರ್ಶ ಮುದ್ರಣದ ಶಾಯಿಯೂ ಹೀಗೆ ಪ್ರತಿಕ್ರಿಯೆಯ ಮೂಲಕವೇ ನೆಲೆಗೊಳ್ಳುತ್ತದೆ.

ಮೊದಲ ಪ್ರಯೋಗಗಳಿಂದಲೂ ಹೆಚ್ಚಾಗಿ ಬಳಕೆಯಲ್ಲಿರುವುದು ಆಲ್ಕೇನ್‌ಥಯೋಲ್ ಎಂಬ ವರ್ಗದ ರಾಸಾಯನಿಕ. ಇದರ ಅಣುವನ್ನು ಉದ್ದನೆಯ ಬಾಲವುಳ್ಳ ಕಡ್ಡಿಯೆಂದು ಭಾವಿಸಬಹುದು. ಒಂದು ತುದಿಯಲ್ಲಿ ಗಂಧಕದ ಪರಮಾಣು, ಉಳಿದ ಬಾಲವೆಲ್ಲ ಇಂಗಾಲ ಮತ್ತು ಜಲಜನಕ. ಗಂಧಕಕ್ಕೆ ಚಿನ್ನದ ಮೇಲೆ ಒಲವು ಹೆಚ್ಚು. ಅಣುಗಳು ಗಂಧಕದ ತುದಿಯನ್ನು ಚಿನ್ನಕ್ಕೆ ಊರಿ, ಬಾಲವನ್ನು ಮೇಲಕ್ಕೆ ಚಾಚಿ, ಕಾಳುಗಟ್ಟಿದ ರಾಗಿಯ ಪೈರಿನಂತೆ ತುಸು ಬಾಗಿ ಒತ್ತೊತ್ತಾಗಿ ನಿಲ್ಲುತ್ತವೆ. ಯಾರೂ ಜೋಡಿಸಬೇಕಾಗಿಲ್ಲ, ತಾವಾಗಿಯೇ ಅಣಿಗೊಳ್ಳುತ್ತವೆ. ಗಂಧಕಯುಕ್ತ ಅಣುಗಳು ಚಿನ್ನದ ಮೇಲೆ ಹೀಗೆ ಶಿಸ್ತಿನಿಂದ ಪದರಗಟ್ಟುವುದನ್ನು 1983ರಲ್ಲಿ ಬೆಲ್ ಪ್ರಯೋಗಾಲಯದ ರಾಲ್ಫ್ ನುಝೊ ಮತ್ತು ಡೇವಿಡ್ ಅಲ್ಲಾರಾ ಪ್ರಕಟಿಸಿದ್ದರು. ಪದರದ ದಪ್ಪ ಸುಮಾರು 2 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಐದು ಲಕ್ಷದಲ್ಲೊಂದು ಭಾಗ.

ಇಷ್ಟು ತೆಳುವಾದ ಪದರದಿಂದ ಪ್ರಯೋಜನವೇನು? ಮೇಲ್ಮೈಯ ಗುಣವನ್ನು ನಿರ್ಧರಿಸುವುದು ಅದರ ಹೊರತುದಿ. ಬಾಲದ ತುದಿ ಎಣ್ಣೆಯ ಸ್ವಭಾವದ್ದಾದರೆ ನೀರು ಹನಿಗಟ್ಟಿ ಜಾರುತ್ತದೆ. ತುದಿಗೆ ನೀರೊಲವಿನ ಗುಂಪನ್ನು ಸೇರಿಸಿದರೆ ನೀರು ಹರಡಿಕೊಳ್ಳುತ್ತದೆ. ಸೂಕ್ತ ತುದಿಯಿದ್ದರೆ ಪ್ರೋಟೀನು ಅಂಟುತ್ತದೆ, ಮತ್ತೊಂದು ತುದಿಯಿದ್ದರೆ ಅಂಟುವುದಿಲ್ಲ. ಇಷ್ಟೇ ಅಲ್ಲದೆ, ಚಿನ್ನವನ್ನು ಕರಗಿಸುವ ದ್ರಾವಣದಿಂದ ಈ ಪದರವು ತನ್ನ ಕೆಳಗಿನ ಲೋಹವನ್ನು ರಕ್ಷಿಸುತ್ತದೆ. ಮುದ್ರೆ ಬಿದ್ದ ಕಡೆ ಚಿನ್ನ ಉಳಿಯುತ್ತದೆ, ಬೀಳದ ಕಡೆ ಕರಗುತ್ತದೆ. ಕುಮಾರ್ ಮತ್ತು ವೈಟ್‌ಸೈಡ್ಸ್ ಅವರು ಒಂದು ಮೈಕ್ರೋಮೀಟರಿನಿಂದ ಸೆಂಟಿಮೀಟರಿನವರೆಗಿನ ಚಿನ್ನದ ವಿನ್ಯಾಸಗಳನ್ನು ಪಡೆದುದು ಈ ಉಪಾಯದಿಂದಲೇ.

ಚಿನ್ನವೇ ಆಗಬೇಕೆಂದಿಲ್ಲ. ಬೆಳ್ಳಿ, ತಾಮ್ರಗಳ ಮೇಲೂ ಥಯೋಲ್ ಅಣುಗಳು ನಿಲ್ಲುತ್ತವೆ. ಗಾಜಿನ ಮೇಲೆ ಸಿಲೇನ್ ವರ್ಗದ ರಾಸಾಯನಿಕಗಳು, ಅಲ್ಯೂಮಿನಿಯಂ ಆಕ್ಸೈಡಿನ ಮೇಲೆ ಫಾಸ್ಫೋನಿಕ್ ಆಮ್ಲಗಳು ಇದೇ ಕಾರ್ಯವನ್ನು ಮಾಡುತ್ತವೆ. ಪ್ರೋಟೀನನ್ನೇ ಶಾಯಿಯಾಗಿ ಬಳಸಿ ಗಾಜಿಗೆ ಒತ್ತುವ ಕ್ರಮವನ್ನು ಸ್ವಿಟ್ಜರ್‌ಲೆಂಡಿನ ಐಬಿಎಂ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1998ರಲ್ಲಿ ವರದಿ ಮಾಡಿದರು.

ಮುದ್ರೆ ಸಿದ್ಧವಾಗುವ ಬಗೆ

ಎರಕದ ಕೆಲಸ ಬಲ್ಲವರಿಗೆ ಈ ಕ್ರಮ ಹೊಸದೆನಿಸದು. ಮೊದಲು ‘ಮೂಲ ಅಚ್ಚು’ ಬೇಕು. ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿಗೆ ಪ್ರತಿಕ್ರಿಯಿಸುವ ಲೇಪವನ್ನು ಹರಡಿ, ವಿನ್ಯಾಸದ ಮುಖವಾಡದ ಮೂಲಕ ಅತಿನೇರಳೆ ಬೆಳಕನ್ನು ಹಾಯಿಸಿ, ತೊಳೆದಾಗ ಉಬ್ಬುತಗ್ಗಿನ ಅಚ್ಚು ದೊರೆಯುತ್ತದೆ. ಇದಕ್ಕೆ ಧೂಳುರಹಿತ ಕೊಠಡಿ ಬೇಕಾಗುವುದರಿಂದ ಇಡೀ ಪ್ರಕ್ರಿಯೆಯಲ್ಲಿ ದುಬಾರಿಯಾದ ಹಂತ ಇದೇ. ಸಮಾಧಾನದ ಸಂಗತಿಯೆಂದರೆ ಈ ಕೆಲಸವನ್ನು ಒಂದು ವಿನ್ಯಾಸಕ್ಕೆ ಒಮ್ಮೆ ಮಾಡಿದರೆ ಸಾಕು. ಹೊರಗಿನ ಸಂಸ್ಥೆಯಿಂದ ಮಾಡಿಸಿಕೊಳ್ಳಲೂ ಬಹುದು.

ಆನಂತರದ್ದು ರಬ್ಬರಿನ ಕೆಲಸ. ಪಾಲಿಡೈಮೀಥೈಲ್‌ಸಿಲಾಕ್ಸೇನ್, ಸಂಕ್ಷೇಪವಾಗಿ ಪಿ.ಡಿ.ಎಂ.ಎಸ್., ಎಂಬುದು ಪಾರದರ್ಶಕವಾದ ಸಿಲಿಕೋನ್ ರಬ್ಬರು. ಜೇನಿನಂಥ ಮಂದ ದ್ರವಕ್ಕೆ ಸಾಮಾನ್ಯವಾಗಿ 10ಕ್ಕೆ 1ರ ಪ್ರಮಾಣದಲ್ಲಿ ಗಟ್ಟಿಕಾರಕವನ್ನು ಬೆರೆಸಿ, ನಿರ್ವಾತದಲ್ಲಿಟ್ಟು ಗಾಳಿಗುಳ್ಳೆಗಳನ್ನು ತೆಗೆದು, ಮೂಲ ಅಚ್ಚಿನ ಮೇಲೆ ಸುರಿಯುತ್ತಾರೆ. 60ರಿಂದ 80 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ಗಂಟೆ ಇಟ್ಟರೆ ಗಟ್ಟಿಯಾಗುತ್ತದೆ. ಸುಲಿದು ತೆಗೆದರೆ ಮುದ್ರೆ ಸಿದ್ಧ. ಒಂದು ಮೂಲ ಅಚ್ಚಿನಿಂದ ಹತ್ತಾರು ಮುದ್ರೆಗಳನ್ನೂ, ಒಂದು ಮುದ್ರೆಯಿಂದ ಹತ್ತಾರು ಪ್ರತಿಗಳನ್ನೂ ಪಡೆಯಬಹುದು. ಮುದ್ರಣವಂತೂ ಕ್ಷಣದ ಕೆಲಸ. ಥಯೋಲನ್ನು ಎಥನಾಲಿನಲ್ಲಿ ಕರಗಿಸಿ ಮುದ್ರೆಗೆ ಸವರಿ, ಒಣಗಿಸಿ, ಚಿನ್ನದ ಫಲಕದ ಮೇಲೆ ಕೆಲವು ಸೆಕೆಂಡು ಮೆಲ್ಲನೆ ಇಟ್ಟು ಎತ್ತಿದರೆ ಆಯಿತು. ಭಾರೀ ಒತ್ತಡ ಬೇಡ. ಮೃದುವಾದ ರಬ್ಬರು ಮೇಲ್ಮೈಯ ಏರಿಳಿತಗಳಿಗೆ ತಾನೇ ಒಗ್ಗಿಕೊಳ್ಳುತ್ತದೆ. ಆದ್ದರಿಂದಲೇ 1995ರಲ್ಲಿ ಬಾಗಿದ ಮೇಲ್ಮೈಗಳಿಗೂ ಮುದ್ರೆಯೊತ್ತಲು, 1996ರಲ್ಲಿ ಉರುಳೆಯಾಕಾರದ ಮುದ್ರೆಯನ್ನು ಉರುಳಿಸಿ ವಿಸ್ತಾರವಾದ ಪ್ರದೇಶವನ್ನು ಮುದ್ರಿಸಲು ಹಾರ್ವರ್ಡ್ ತಂಡಕ್ಕೆ ಸಾಧ್ಯವಾಯಿತು.

ಒಂದು ಗ್ರಾಂ ಶಾಯಿ, ಹತ್ತು ಮಿಲಿಗ್ರಾಂ ಚಿನ್ನ

ಚಿನ್ನವೆಂದೊಡನೆ ವ್ಯಾಪಾರಿಯ ಮನಸ್ಸು ದರಪಟ್ಟಿಯತ್ತ ಹೊರಳುವುದು ಸಹಜ. ಲೆಕ್ಕ ಹಾಕೋಣ. 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಗಾಜಿನ ಫಲಕಕ್ಕೆ 50 ನ್ಯಾನೊಮೀಟರ್ ದಪ್ಪದ ಚಿನ್ನದ ಪೊರೆ ಹಾಕಿದರೆ ಅದರ ಮೇಲೆ ಉಳಿಯುವ ಚಿನ್ನ 10 ಮಿಲಿಗ್ರಾಂಗಿಂತ ತುಸು ಕಡಿಮೆ. ಒಂದು ಗ್ರಾಂ ಚಿನ್ನ ನೂರಕ್ಕೂ ಹೆಚ್ಚು ಫಲಕಗಳಿಗೆ ಆಗುತ್ತದೆ. ಆದರೆ ನಿರ್ವಾತ ಯಂತ್ರದಲ್ಲಿ ಚಿನ್ನವನ್ನು ಆವಿಯಾಗಿಸುವಾಗ ಬಹುಭಾಗವು ಯಂತ್ರದ ಗೋಡೆಗಳಿಗೆ ಅಂಟುತ್ತದೆ. ಅದನ್ನು ಕೆರೆದು ಮರಳಿ ಪಡೆಯುವ ವ್ಯವಸ್ಥೆ ಇಲ್ಲದಿದ್ದರೆ ಲೆಕ್ಕ ತಲೆಕೆಳಗಾಗುವುದು ಖಂಡಿತ. ಅಕ್ಕಸಾಲೆಯ ಅಂಗಡಿಯ ಕಸವನ್ನೂ ಜೋಪಾನ ಮಾಡುವ ನಮ್ಮ ಜನಕ್ಕೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಾಯಿಯ ಲೆಕ್ಕ ಇನ್ನೂ ಸ್ವಾರಸ್ಯಕರವಾದುದು. ಒಂದು ಚದರ ಸೆಂಟಿಮೀಟರ್ ಚಿನ್ನದ ಮೇಲೆ ನಿಲ್ಲುವ ಥಯೋಲ್ ಅಣುಗಳ ಸಂಖ್ಯೆ ಸುಮಾರು 460 ಲಕ್ಷ ಕೋಟಿ. ಸಂಖ್ಯೆ ದೊಡ್ಡದಾದರೂ ತೂಕ ನಗಣ್ಯ. ಹೆಕ್ಸಾಡೆಕೇನ್‌ಥಯೋಲ್ ಎಂಬ ರೂಢಿಯ ಶಾಯಿಯನ್ನು ತೆಗೆದುಕೊಂಡರೆ, ಒಂದು ಗ್ರಾಂ ಶಾಯಿ ತಾತ್ತ್ವಿಕವಾಗಿ 500 ಚದರ ಮೀಟರ್ ಮೇಲ್ಮೈಗೆ ಸಾಕು. ಹಾಳಾಗುವುದನ್ನು ಕಳೆದರೂ ಶಾಯಿಯ ವೆಚ್ಚ ಅತ್ಯಲ್ಪವೇ. ಯೋಜನಾ ವರದಿಗಳು ‘ಅತಿ ಕಡಿಮೆ ಕಚ್ಚಾಮಾಲು’ ಎಂದು ಬಣ್ಣಿಸುವುದು ಈ ಅಂಶವನ್ನೇ. ಮಾತು ಸುಳ್ಳಲ್ಲ. ಆದರೆ ವೆಚ್ಚ ಹುದುಗಿರುವುದು ಬೇರೆಡೆ. ಅದನ್ನು ಮುಂದೆ ನೋಡೋಣ.

ಇದುವರೆಗಿನ ಉಪಯೋಗಗಳು

ಈ ವಿಧಾನ ಅತ್ಯಂತ ಫಲಕಾರಿಯಾದುದು ಜೀವವಿಜ್ಞಾನದಲ್ಲಿ. ಪ್ರೋಟೀನ್ ಅಂಟುವ ಪುಟ್ಟ ದ್ವೀಪಗಳನ್ನು ಮುದ್ರಿಸಿ, ಸುತ್ತಲಿನ ಪ್ರದೇಶವನ್ನು ಅಂಟದ ಪದರದಿಂದ ತುಂಬಿದರೆ ಜೀವಕೋಶಗಳು ದ್ವೀಪಗಳ ಮೇಲೆ ಮಾತ್ರ ನೆಲೆಸುತ್ತವೆ. 1997ರಲ್ಲಿ ಕ್ರಿಸ್ಟೋಫರ್ ಚೆನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದುದು. ಹರಡಿಕೊಳ್ಳಲು ವಿಶಾಲವಾದ ಸ್ಥಳ ದೊರೆತ ಕೋಶಗಳು ಬದುಕಿ ವೃದ್ಧಿಸಿದವು, ಇಕ್ಕಟ್ಟಾದ ದ್ವೀಪಗಳಿಗೆ ಸೀಮಿತವಾದವು ಸಾಯತೊಡಗಿದವು. ಕೋಶದ ಆಕಾರವೇ ಅದರ ಅಳಿವು ಉಳಿವುಗಳ ಮೇಲೆ ಪರಿಣಾಮ ಬೀರುತ್ತದೆಂಬ ಅರಿವು ಸರಳ ರಬ್ಬರ್ ಮುದ್ರೆಯಿಂದ ದೊರಕಿತು. ಇಂತಹ ಸೂಕ್ಷ್ಮ ವಿನ್ಯಾಸದ ಫಲಕಗಳಿಗೆ ಔಷಧ ಸಂಶೋಧನೆಯಲ್ಲಿ ಗಿರಾಕಿಗಳಿದ್ದಾರೆ. ಮಾರುಕಟ್ಟೆ ಚಿಕ್ಕದು, ಬೆಲೆ ಮಾತ್ರ ಚೆನ್ನಾಗಿ ಸಿಗುವಂಥದು.

ಎರಡನೆಯದು ವಿದ್ಯುನ್ಮಾನ ಕ್ಷೇತ್ರ. 2001ರಲ್ಲಿ ಬೆಲ್ ಪ್ರಯೋಗಾಲಯದ ಜಾನ್ ರೋಜರ್ಸ್ ಮತ್ತು ಸಹೋದ್ಯೋಗಿಗಳು, ಇ ಇಂಕ್ ಸಂಸ್ಥೆಯೊಡಗೂಡಿ, ಪ್ಲಾಸ್ಟಿಕ್ ಹಾಳೆಯ ಮೇಲೆ 256 ಟ್ರಾನ್ಸಿಸ್ಟರುಗಳ ಮಂಡಲವನ್ನು ರಬ್ಬರ್ ಮುದ್ರೆಯಿಂದ ರೂಪಿಸಿ, ಕಾಗದದಂತೆ ಬಾಗುವ ಪ್ರದರ್ಶಕವನ್ನು ನಿರ್ಮಿಸಿದರು. ಮುದ್ರಣಾಲಯದ ಮಾದರಿಯಲ್ಲಿ ವಿದ್ಯುನ್ಮಾನ ಹಾಳೆಗಳನ್ನು ತಯಾರಿಸುವ ಆಸೆಗೆ ಅದು ಬಲ ನೀಡಿತು.

ಮೂರನೆಯದಾಗಿ, ಇದೇ ರಬ್ಬರಿನಿಂದ ನಾಲೆಗಳನ್ನು ಎರಕ ಹೊಯ್ಯುವ ‘ಮೈಕ್ರೋಫ್ಲೂಯಿಡಿಕ್ಸ್’ ಎಂಬ ಸೋದರ ವಿದ್ಯೆ. ಹನಿ ರಕ್ತದಲ್ಲಿ ಪರೀಕ್ಷೆ ನಡೆಸುವ ಸಾಧನಗಳ ಸಂಶೋಧನೆ ಇದನ್ನು ಬಹಳವಾಗಿ ಅವಲಂಬಿಸಿದೆ. ಮೂಲ ಅಚ್ಚು, ಎರಕ, ನಿರ್ವಾತ, ಒಲೆ ಎಲ್ಲವೂ ಒಂದೇ ಆಗಿರುವುದರಿಂದ ಒಂದನ್ನು ಕಲಿತ ಘಟಕಕ್ಕೆ ಇನ್ನೊಂದು ಸುಲಭಸಾಧ್ಯ.

ಚಿಪ್ ಉದ್ಯಮ ಇದನ್ನೇಕೆ ಅಪ್ಪಿಕೊಳ್ಳಲಿಲ್ಲ?

ಈ ಪ್ರಶ್ನೆಗೆ ಉತ್ತರ ರಬ್ಬರಿನ ಗುಣದಲ್ಲಿಯೇ ಇದೆ. ಮೃದುತ್ವವೇ ಇದರ ಶಕ್ತಿ, ಮೃದುತ್ವವೇ ಇದರ ದೌರ್ಬಲ್ಯ.

ಮೊದಲನೆಯದಾಗಿ, ಪಿ.ಡಿ.ಎಂ.ಎಸ್. ಗಟ್ಟಿಯಾಗುವಾಗ ಸುಮಾರು ಶೇ. 1ರಷ್ಟು ಕುಗ್ಗುತ್ತದೆ. ಶೇಕಡಾ ಒಂದು ಎಂದರೆ ಕೇಳಲು ಅಲ್ಪ. ಆದರೆ 100 ಮಿಲಿಮೀಟರ್ ಅಗಲದ ಮುದ್ರೆಯಲ್ಲಿ ಅದು ಒಂದು ಮಿಲಿಮೀಟರ್ ಆಗುತ್ತದೆ. ನಾವು ಮೂಡಿಸಹೊರಟ ಗೆರೆ ಒಂದು ಮೈಕ್ರೋಮೀಟರಿನದು. ವ್ಯತ್ಯಾಸ ಸಾವಿರ ಪಟ್ಟು. ಕುಗ್ಗುವಿಕೆಯನ್ನು ಮೊದಲೇ ಲೆಕ್ಕಹಾಕಿ ಮೂಲ ಅಚ್ಚನ್ನು ದೊಡ್ಡದಾಗಿಸಬಹುದಾದರೂ ಶಾಖದ ತೊಂದರೆ ಉಳಿಯುತ್ತದೆ. ತಾಪಮಾನ ಒಂದು ಡಿಗ್ರಿ ಏರಿದರೆ ಅದೇ ಮುದ್ರೆ ಸುಮಾರು 30 ಮೈಕ್ರೋಮೀಟರ್ ಹಿಗ್ಗುತ್ತದೆ. ಒಂದೇ ಪದರದ ಕೆಲಸಕ್ಕೆ ಇದು ಬಾಧಕವಲ್ಲ. ಚಿಪ್ಪಿನಲ್ಲಾದರೋ ಹತ್ತಾರು ಪದರಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಸೀರೆಯ ಬಣ್ಣಬಣ್ಣದ ಅಚ್ಚುಗಳು ಕೂದಲೆಳೆಯಷ್ಟು ಸರಿದರೂ ಹೂವಿನ ಅಂದ ಕೆಡುವುದನ್ನು ಬಲ್ಲವರಿಗೆ ಈ ಕಷ್ಟ ಅರ್ಥವಾಗುತ್ತದೆ.

ಎರಡನೆಯದಾಗಿ, ಮುದ್ರೆಯ ಉಬ್ಬುಗಳು ತೀರ ಎತ್ತರವಾದರೆ ಪಕ್ಕಕ್ಕೆ ವಾಲಿ ಒಂದಕ್ಕೊಂದು ಅಂಟುತ್ತವೆ. ತೀರ ತಗ್ಗಾದರೆ ನಡುವಿನ ಚಾವಣಿ ಜೋತು ಬೇಡದ ಕಡೆ ತಾಗುತ್ತದೆ. ಉಬ್ಬಿನ ಎತ್ತರವನ್ನು ಅಗಲದಿಂದ ಭಾಗಿಸಿದಾಗ ಬರುವ ಸಂಖ್ಯೆ ಸುಮಾರು 0.2ರಿಂದ 2ರೊಳಗೆ ಇರಬೇಕೆಂಬುದು ಈ ಕ್ಷೇತ್ರದ ಸಾಮಾನ್ಯ ನಿಯಮ. ಮೂರನೆಯದಾಗಿ, ಶಾಯಿ ಅಂಚಿನಿಂದಾಚೆಗೆ ಹರಿದು ಗೆರೆಯನ್ನು ಅಗಲವಾಗಿಸುತ್ತದೆ. ಆದ್ದರಿಂದ ಕೆಲವು ನೂರು ನ್ಯಾನೊಮೀಟರಿಗಿಂತ ಕಿರಿದಾದ ಗೆರೆ ಕಷ್ಟಸಾಧ್ಯ. ನಾಲ್ಕನೆಯದಾಗಿ, ಪೂರ್ತಿ ಗಟ್ಟಿಯಾಗದ ಸಿಲಿಕೋನಿನ ಅಂಶ ಫಲಕಕ್ಕೆ ಅಂಟಿ ಮಲಿನವಾಗಿಸಬಹುದು. ಕೊನೆಯದಾಗಿ, ಚಿನ್ನದ ಮೇಲಿನ ಥಯೋಲ್ ಪದರ ಗಾಳಿ, ಬೆಳಕು ಮತ್ತು ಶಾಖಗಳಿಗೆ ಕ್ರಮೇಣ ಹಾಳಾಗುತ್ತದೆ. ಗೋದಾಮಿನಲ್ಲಿ ವರ್ಷಗಟ್ಟಲೆ ಇಡುವ ಮಾಲು ಇದಲ್ಲ.

ಗಡುಸಾದ ಅಚ್ಚಿನ ದಾರಿ ಹಿಡಿದವರ ಕಥೆ ಬೇರೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಸ್ಟೀಫನ್ ಚೌ 1995ರಲ್ಲಿ ಪ್ರಕಟಿಸಿದ ‘ನ್ಯಾನೊಇಂಪ್ರಿಂಟ್’ ವಿಧಾನದಲ್ಲಿ ಶಾಯಿಯನ್ನು ಒತ್ತುವುದಿಲ್ಲ. ಮೆತ್ತನೆಯ ಲೇಪದಲ್ಲಿ ಗಡುಸು ಅಚ್ಚಿನಿಂದ ಹಳ್ಳ ಮೂಡಿಸುತ್ತಾರೆ. ಜಪಾನಿನ ಕ್ಯಾನನ್ ಕಂಪನಿಯು ಈ ತತ್ತ್ವದ ಚಿಪ್ ತಯಾರಿಕಾ ಯಂತ್ರವನ್ನು 2023ರ ಅಕ್ಟೋಬರಿನಲ್ಲಿ ಪ್ರಕಟಿಸಿ, 2024ರ ಸೆಪ್ಟೆಂಬರಿನಲ್ಲಿ ಒಂದನ್ನು ಅಮೆರಿಕದ ಟೆಕ್ಸಾಸ್ ಇನ್‌ಸ್ಟಿಟ್ಯೂಟ್ ಫಾರ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗೆ ರವಾನಿಸಿತು. ಪ್ರಯೋಗಾಲಯದಿಂದ ಕಾರ್ಖಾನೆಯ ಬಾಗಿಲಿಗೆ ಬರಲು ಸುಮಾರು ಮೂವತ್ತು ವರ್ಷ ಬೇಕಾಯಿತು. ಬೃಹತ್ ಬಂಡವಾಳದ ಕಂಪನಿ ಇಷ್ಟು ಕಾಲ ಕಾಯಬಲ್ಲದು. ಮೂರು ತಿಂಗಳ ಕಂತು ತಪ್ಪಿದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುವ ಸಣ್ಣ ಘಟಕ ಕಾಯಲಾರದು.

ನಿಜವಾದ ವೆಚ್ಚ ಎಲ್ಲಿದೆ?

ಕೆಳಗಿನ ಮೊತ್ತಗಳು ಕೇವಲ ಉದಾಹರಣೆಗಾಗಿ ಊಹಿಸಿಕೊಂಡವು. ಓದುಗರು ತಮ್ಮ ದರಗಳನ್ನು ಹಾಕಿಕೊಳ್ಳಬೇಕು. ಮೂಲ ಅಚ್ಚಿಗೆ ರೂ. 40,000 ಎಂದಿಟ್ಟುಕೊಳ್ಳೋಣ. ಅದರಿಂದ 50 ಮುದ್ರೆ, ಪ್ರತಿ ಮುದ್ರೆಯಿಂದ 50 ಪ್ರತಿ, ಒಟ್ಟು 2,500 ಪ್ರತಿಗಳು. ಪ್ರತಿಯೊಂದಕ್ಕೆ ಮೂಲ ಅಚ್ಚಿನ ಪಾಲು ರೂ. 16. ಒಂದು ಮುದ್ರೆಯ ತಯಾರಿಕೆಗೆ ರೂ. 500 ಆದರೆ ಪ್ರತಿಗೆ ರೂ. 10. ಚಿನ್ನ ಲೇಪಿಸಿದ ಫಲಕಕ್ಕೆ ರೂ. 300. ಶಾಯಿ, ಕೂಲಿ, ತೊಳೆತ, ಪರೀಕ್ಷೆಗಳಿಗೆ ರೂ. 74. ಒಟ್ಟು ರೂ. 400.

ಇಲ್ಲಿಗೆ ಲೆಕ್ಕ ಮುಗಿಯಿತೆಂದು ತಿಳಿಯುವುದು ಅಪಾಯಕರ. ನೂರು ಫಲಕ ಮುದ್ರಿಸಿದರೆ ಎಷ್ಟು ಫಲಕ ಗಿರಾಕಿಗೆ ಒಪ್ಪಿಗೆಯಾಗುತ್ತವೆ? 80 ಒಪ್ಪಿಗೆಯಾದರೆ ಒಂದು ಉತ್ತಮ ಫಲಕದ ವೆಚ್ಚ ರೂ. 500. ಐವತ್ತೇ ಆದರೆ ರೂ. 800. ಈಗ ಎರಡು ಸುಧಾರಣೆಗಳನ್ನು ಹೋಲಿಸೋಣ. ಮೂಲ ಅಚ್ಚಿನ ಬೆಲೆಯನ್ನು ಚೌಕಾಸಿ ಮಾಡಿ ಅರ್ಧಕ್ಕೆ ಇಳಿಸಿದರೆ ರೂ. 500 ಇದ್ದುದು ರೂ. 490 ಆಗುತ್ತದೆ. ಅದರ ಬದಲು ಒಪ್ಪಿತ ಮಾಲಿನ ಪ್ರಮಾಣವನ್ನು 80ರಿಂದ 90ಕ್ಕೆ ಏರಿಸಿದರೆ ವೆಚ್ಚ ರೂ. 444ಕ್ಕೆ ಇಳಿಯುತ್ತದೆ. ಚೌಕಾಸಿಯ ಲಾಭ ಹತ್ತು ರೂಪಾಯಿ, ಶುಚಿತ್ವ ಮತ್ತು ಶಿಸ್ತಿನ ಲಾಭ ಐವತ್ತಾರು ರೂಪಾಯಿ. ‘ಮುದ್ರೆ ಅಗ್ಗ’ ಎಂಬ ಮಾತನ್ನು ನಂಬಿ ಹಣ ಹೂಡುವವರು ತಿರಸ್ಕೃತ ಫಲಕಗಳ ರಾಶಿಯನ್ನೂ ಕಣ್ಣ ಮುಂದೆ ತಂದುಕೊಳ್ಳಬೇಕು. ಪ್ರತಿಯೊಂದು ತಿರಸ್ಕೃತ ಫಲಕದಲ್ಲಿಯೂ ಮುನ್ನೂರು ರೂಪಾಯಿಯ ಚಿನ್ನದ ಹಲಗೆ ಹೋಗಿರುತ್ತದೆ.

ಆದೇಶದ ಗಾತ್ರವೂ ಮುಖ್ಯ. ಗಿರಾಕಿಗೆ ನೂರೇ ಉತ್ತಮ ಫಲಕ ಬೇಕಿದ್ದರೆ 125 ಮುದ್ರಿಸಬೇಕು. ಆಗ ಮೂಲ ಅಚ್ಚಿನ ಪಾಲು ಪ್ರತಿಗೆ ರೂ. 320 ಆಗಿ, ಉತ್ತಮ ಫಲಕವೊಂದರ ವೆಚ್ಚ ರೂ. 880ಕ್ಕೆ ಏರುತ್ತದೆ. ಸಂಶೋಧನಾ ಸಂಸ್ಥೆಗಳ ಆದೇಶಗಳು ಸಾಮಾನ್ಯವಾಗಿ ಸಣ್ಣವು, ಪ್ರತಿ ಬಾರಿಯೂ ವಿನ್ಯಾಸ ಬೇರೆ. ಆದಕಾರಣ ಮೂಲ ಅಚ್ಚಿನ ಶುಲ್ಕವನ್ನು ಪ್ರತ್ಯೇಕವಾಗಿ, ಮುಂಗಡವಾಗಿ ಪಡೆಯುವ ಪದ್ಧತಿಯೇ ಕ್ಷೇಮ.

ಲೆಕ್ಕಪತ್ರ, ತೆರಿಗೆ ಮತ್ತು ಪೇಟೆಂಟು

ರಬ್ಬರ್ ಮುದ್ರೆಗಳ ಆಯುಷ್ಯ ತಿಂಗಳುಗಳದ್ದಾದುದರಿಂದ ಅವನ್ನು ಬಳಕೆ ಸಾಮಗ್ರಿಯೆಂದು ಅದೇ ವರ್ಷ ಖರ್ಚಿಗೆ ಹಾಕುವುದು ಯುಕ್ತ. ಹನ್ನೆರಡು ತಿಂಗಳಿಗೂ ಮೀರಿ ಬಳಸುವ ಮೂಲ ಅಚ್ಚು ಲೆಕ್ಕಪತ್ರ ಮಾನದಂಡ 10ರ ಪ್ರಕಾರ ಸ್ಥಿರಾಸ್ತಿಯಾಗಬಲ್ಲದು. ಉತ್ಪಾದಿಸಿದ ಪ್ರತಿಗಳ ಸಂಖ್ಯೆಯನ್ನು ಆಧರಿಸಿದ ಸವಕಳಿ ಇದಕ್ಕೆ ಒಪ್ಪುತ್ತದೆ. ಮುದ್ರಿತ ಫಲಕಗಳ ಗುಣ ಕಾಲಕ್ರಮದಲ್ಲಿ ಕುಂದುವುದರಿಂದ ವರ್ಷಾಂತ್ಯದ ದಾಸ್ತಾನನ್ನು ಮಾನದಂಡ 2ರಂತೆ ವೆಚ್ಚ ಅಥವಾ ವಸೂಲಾಗಬಹುದಾದ ನಿವ್ವಳ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ನಿಲ್ಲಿಸಬೇಕು. ಆರು ತಿಂಗಳ ಹಳೆಯ ಫಲಕವನ್ನು ಪೂರ್ಣ ಬೆಲೆಗೆ ತೋರಿಸಿದ ಆಢಾವೆ ಪತ್ರಿಕೆ ಬ್ಯಾಂಕಿಗಿಂತ ಮೊದಲು ಮಾಲೀಕನನ್ನೇ ದಾರಿ ತಪ್ಪಿಸುತ್ತದೆ.

ಸಂಶೋಧನಾ ವೆಚ್ಚದ ವಿಷಯದಲ್ಲಿ ಮಾನದಂಡ 26 ಸ್ಪಷ್ಟವಾಗಿದೆ. ಸಂಶೋಧನೆಯ ಹಂತದ ವೆಚ್ಚವನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಅಭಿವೃದ್ಧಿ ಹಂತದ ವೆಚ್ಚವನ್ನು ತಾಂತ್ರಿಕ ಸಾಧ್ಯತೆ, ಮಾರುಕಟ್ಟೆ, ಸಂಪನ್ಮೂಲ ಮೊದಲಾದ ಷರತ್ತುಗಳು ನೆರವೇರಿದರೆ ಮಾತ್ರ ಆಸ್ತಿಯಾಗಿಸಬಹುದು. ಒಮ್ಮೆ ಖರ್ಚೆಂದು ಬರೆದುದನ್ನು ಮುಂದೆ ಆಸ್ತಿಯಾಗಿ ಮರಳಿ ತರಲಾಗದು. ಆದಾಯ ತೆರಿಗೆಯಲ್ಲಿ, ಕಂಪನಿಗಳ ಆಂತರಿಕ ಸಂಶೋಧನೆಗೆ 1961ರ ಕಾಯಿದೆಯ ಕಲಂ 35(2ಎಬಿ) ಅಡಿ ಶೇ. 200ರ ಕಡಿತ 2016-17ರ ಹಣಕಾಸು ವರ್ಷದವರೆಗೆ ಇತ್ತು. ಅನಂತರ 2019-20ರವರೆಗೆ ಶೇ. 150ಕ್ಕೆ ಇಳಿದು, 2020-21ರಿಂದ ಶೇ. 100ಕ್ಕೆ ಸೀಮಿತವಾಯಿತು. ಹಳೆಯ ಯೋಜನಾ ವರದಿಯನ್ನು ನಕಲು ಮಾಡಿ ಇಮ್ಮಡಿ ಕಡಿತವನ್ನು ಲಾಭದಲ್ಲಿ ಸೇರಿಸಿದ್ದರೆ ಅಲ್ಲಿಯೇ ನಿಲ್ಲಿಸಿ ಪ್ರಶ್ನಿಸಬೇಕು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಂಗಳ ಸಂಖ್ಯೆಯೂ ಬದಲಾಗಿದೆ.

ಜಿ.ಎಸ್.ಟಿ.ಯಲ್ಲಿ ಗಮನಿಸಬೇಕಾದುದು ಗಿರಾಕಿಯೇ ಅಚ್ಚು ಕೊಡುವ ಸಂದರ್ಭ. 2018ರ ಜೂನ್ 8ರ ಕೇಂದ್ರ ಸುತ್ತೋಲೆಯ ಪ್ರಕಾರ, ಗಿರಾಕಿಯ ಒಡೆತನದ ಅಚ್ಚನ್ನು ಉಚಿತವಾಗಿ ಬಿಡಿಭಾಗ ತಯಾರಕನಿಗೆ ಕೊಟ್ಟರೆ ಅದರ ಮೌಲ್ಯವನ್ನು ಮಾಲಿನ ಬೆಲೆಗೆ ಸೇರಿಸಬೇಕಾಗಿಲ್ಲ. ಆದರೆ ಒಪ್ಪಂದದಂತೆ ಅಚ್ಚು ತಯಾರಕನದೇ ಆಗಿರಬೇಕಾಗಿದ್ದು, ಗಿರಾಕಿ ಅದನ್ನು ಉಚಿತವಾಗಿ ಒದಗಿಸಿದ್ದರೆ ಅಚ್ಚಿನ ಹಂಚಿಕೆ ವೆಚ್ಚವನ್ನು ಸೇರಿಸಬೇಕಾಗುತ್ತದೆ. ಒಪ್ಪಂದದ ಒಂದು ವಾಕ್ಯದ ಮೇಲೆ ತೆರಿಗೆ ನಿಂತಿದೆಯಾದ್ದರಿಂದ ಅದನ್ನು ಬರೆಯುವಾಗಲೇ ಎಚ್ಚರ ಅಗತ್ಯ.

ಪೇಟೆಂಟಿನ ಬಗೆಗೆ ಶುಭವಾರ್ತೆಯೇ ಇದೆ. ಮೂಲ ವಿಧಾನಕ್ಕೆ 1996ರಲ್ಲಿ ಅಮೆರಿಕದ ಪೇಟೆಂಟು ದೊರೆತಿತ್ತು. ಅದರ ಅವಧಿ ತೀರಿದೆ. ಹೀಗಾಗಿ ಮೂಲಕ್ರಮವನ್ನು ‘ಪರವಾನಗಿ ಶುಲ್ಕ’ದ ಹೆಸರಿನಲ್ಲಿ ಯಾರಾದರೂ ಮಾರಲು ಬಂದರೆ ಯಾವ ಪೇಟೆಂಟು, ಯಾವ ದೇಶದ್ದು, ಎಂದಿನವರೆಗೆ ಎಂದು ಬರವಣಿಗೆಯಲ್ಲಿ ಕೇಳಬೇಕು. ಭಾರತದಲ್ಲಿ ಪೇಟೆಂಟಿನ ಅವಧಿ ಅರ್ಜಿಯ ದಿನದಿಂದ 20 ವರ್ಷ. ನಂತರದ ಸುಧಾರಣೆಗಳಿಗೆ ಬೇರೆ ಪೇಟೆಂಟುಗಳಿರಬಹುದೆಂಬುದನ್ನೂ ಮರೆಯಬಾರದು.

ನಮ್ಮ ನಾಡಿನಲ್ಲಿ

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಿ.ಯು. ಕುಲಕರ್ಣಿಯವರ ತಂಡವು ಇಂತಹ ರಬ್ಬರ್ ಅಚ್ಚುಗಳ ಮೂಲಕ ಪಲ್ಲಾಡಿಯಂ, ಚಿನ್ನ ಮೊದಲಾದ ಲೋಹಗಳ ಸೂಕ್ಷ್ಮ ವಿನ್ಯಾಸಗಳನ್ನು ನೇರವಾಗಿ ರೂಪಿಸುವ ಸಂಶೋಧನೆ ನಡೆಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ಧೂಳುರಹಿತ ಸೌಲಭ್ಯವನ್ನು ಹೊರಗಿನ ಬಳಕೆದಾರರೂ ಶುಲ್ಕ ತೆತ್ತು ಬಳಸಲು ಅವಕಾಶವಿದೆ. ಮೂಲ ಅಚ್ಚಿಗಾಗಿ ಕೋಟಿಗಟ್ಟಲೆ ಸುರಿದು ಸ್ವಂತ ಕೊಠಡಿ ಕಟ್ಟುವ ಮುನ್ನ ಇಂತಹ ದಾರಿಗಳನ್ನು ಪರಿಶೀಲಿಸುವುದು ವಿವೇಕ.

ಸಣ್ಣ ಉದ್ದಿಮೆಗೆ ಇನ್ನೊಂದು ಮಾರ್ಗವೂ ಇದೆ. ನನ್ನ ಅಭಿಪ್ರಾಯದಲ್ಲಿ ಅದೇ ಹೆಚ್ಚು ಭದ್ರ. ಮುದ್ರಿತ ಫಲಕವನ್ನು ಮಾರುವ ಬದಲು ಮುದ್ರಿಸುವವರಿಗೆ ಬೇಕಾದುದನ್ನು ಮಾರುವುದು. ಮುದ್ರೆಯನ್ನು ಸಮನಾಗಿ ಇಳಿಸಿ ಎತ್ತುವ ಸಾಧನ, ಎರಕದ ಚೌಕಟ್ಟು, ನಿರ್ವಾತ ಪಾತ್ರೆ, ತಾಪಮಾನ ಕದಲದ ಒಲೆ, ಗಾಳಿಯಾಡದ ಪ್ಯಾಕಿಂಗ್, ಇವೆಲ್ಲ ಪೀಣ್ಯದಂತಹ ಕೈಗಾರಿಕಾ ಪ್ರದೇಶದ ನಿಖರ ಯಂತ್ರಗೆಲಸದ ಘಟಕಗಳ ಕೈಗೆಟಕುವ ಕೆಲಸಗಳು. ಕಾಲೇಜು, ಔಷಧ ಕಂಪನಿ, ಸಂಶೋಧನಾಲಯಗಳೇ ಗಿರಾಕಿಗಳು. ಈ ವಿಧಾನ ನಾಳೆ ಬದಲಾದರೂ ಆ ಸಾಧನಗಳಿಗೆ ಬೇರೆ ಬಳಕೆ ಇದ್ದೇ ಇರುತ್ತದೆ.

ಹಣ ಹೂಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ನಮ್ಮ ಉತ್ಪನ್ನಕ್ಕೆ ಒಂದೇ ಪದರ ಸಾಕೇ? ಎರಡು ಪದರಗಳ ನಿಖರ ಹೊಂದಾಣಿಕೆ ಬೇಕಿದ್ದರೆ ಈ ವಿಧಾನವನ್ನು ಕೈಬಿಡುವುದೇ ಲೇಸು.

2. ಗಿರಾಕಿ ಯಾರು? ಲಿಖಿತ ಆದೇಶವಿದೆಯೇ, ಕೇವಲ ‘ಆಸಕ್ತಿ ಪತ್ರ’ವೇ?

3. ನೂರಕ್ಕೆ ಎಷ್ಟು ಫಲಕ ಒಪ್ಪಿಗೆಯಾಗುತ್ತವೆ? ತಂತ್ರಜ್ಞಾನ ಮಾರುವವರ ಪ್ರಯೋಗಾಲಯದ ಸಂಖ್ಯೆ ಬೇಡ. ನಮ್ಮ ಕೆಲಸಗಾರರು, ನಮ್ಮ ಶೆಡ್ಡಿನಲ್ಲಿ, ಬೇಸಿಗೆ ಮತ್ತು ಮಳೆಗಾಲ ಎರಡರಲ್ಲಿಯೂ ಪಡೆದ ಸಂಖ್ಯೆ ಬೇಕು.

4. ಮಾಲಿನ ಬಾಳಿಕೆ ಎಷ್ಟು? ರವಾನೆ ಮತ್ತು ದಾಸ್ತಾನಿನ ಅವಧಿ ಅದಕ್ಕೆ ಹೊಂದುತ್ತದೆಯೇ?

5. ಎಥನಾಲಿಗೆ ಅಬಕಾರಿ ಅನುಮತಿ, ಚಿನ್ನ ಕರಗಿಸುವ ದ್ರಾವಣಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕೇ? 1993ರ ಪ್ರಯೋಗದಲ್ಲಿ ಬಳಸಿದುದು ಸೈನೈಡ್ ದ್ರಾವಣ. ಅದರ ಅಪಾಯ ನಮ್ಮ ಗಿಲೀಟು ಘಟಕಗಳವರಿಗೆ ಚೆನ್ನಾಗಿ ತಿಳಿದಿದೆ. ಕೆಲಸಗಾರರ ಜೀವಕ್ಕಿಂತ ಮಿಗಿಲಾದ ಉಳಿತಾಯವಿಲ್ಲ.

6. ಯೋಜನೆ ಕೈಗೂಡದಿದ್ದರೆ ಯಂತ್ರಗಳಿಗೆ ಬೇರೆ ಉಪಯೋಗವಿದೆಯೇ, ಮರುಮಾರಾಟದ ಬೆಲೆ ಎಷ್ಟು?

ಈ ಆರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ದೊರೆತರೆ ಯೋಜನೆಯನ್ನು ಬ್ಯಾಂಕಿನ ಮುಂದಿಡಬಹುದು. ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಉಳಿದ ಐದಕ್ಕೂ ಬೆಲೆಯಿಲ್ಲ. ಹೊಸ ತಂತ್ರಜ್ಞಾನವೆಂದು ಹಿಂಜರಿಯಬೇಕಾಗಿಲ್ಲ. ಹೊಸತೆಂಬ ಒಂದೇ ಕಾರಣಕ್ಕೆ ಮುನ್ನುಗ್ಗಲೂ ಬೇಕಾಗಿಲ್ಲ. ನೂರು ಫಲಕಗಳ ಪ್ರಾಯೋಗಿಕ ತಯಾರಿಕೆಯನ್ನು ಸ್ವಂತ ಹಣದಲ್ಲಿ, ಕೈಗೆಟಕುವ ಮಿತಿಯಲ್ಲಿ ಮಾಡಿ, ಒಪ್ಪಿತವಾದವುಗಳನ್ನು ಎಣಿಸಿ, ಆ ಸಂಖ್ಯೆಯನ್ನು ಮೇಲಿನ ಲೆಕ್ಕಕ್ಕೆ ಹಾಕಿ ನೋಡಿದ ಮೇಲೆ ಸಾಲದ ಅರ್ಜಿಯನ್ನು ಕೈಗೆತ್ತಿಕೊಳ್ಳುವುದು ಉದ್ದಿಮೆದಾರನಿಗೂ ಅವನ ಕುಟುಂಬಕ್ಕೂ ಶ್ರೇಯಸ್ಕರ.